ದೊಡ್ಡಪ್ಪನ ಕನ್ನಡಕ

(ನಮ್ಮ ಊರಿನ ಓದುಗರ ಬಳಗದ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಹೊತ್ತು ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಆತ್ಮೀಯರೇ,

ಮನಿಲಾ ಎಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಮ್ಯಾಗ್ಸೆಸೆ ಪ್ರಶಸ್ತಿ. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಅದು ಸಂದಿತು. 2011ರಲ್ಲಿ ಸೌರದೀಪಗಳ ಹರೀಶ್ ಹಂದೆ, 2016ರಲ್ಲಿ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದನ್ನು ಪಡೆದರು. ಆ ಪ್ರಶಸ್ತಿಯ ಪಟ್ಟಿಯಲ್ಲಿ 1998ನೇ ಇಸವಿಯ ಎದುರು ಒಂದು ಹೆಸರಿದೆ: ಕೊರಸೋನ್ ಅಕಿನೊ, ಜನರ ಬಾಯಲ್ಲಿ ಕೊರಿ. ಸರ್ವಾಧಿಕಾರಿ ಮಾರ್ಕೋಸ್ ಓಡಿಹೋದ ಮೇಲೆ ಫಿಲಿಪ್ಪೀನ್ಸಿನ ಅಧ್ಯಕ್ಷೆಯಾದವರು. ಇಂದು ನಾನು ಮಾತನಾಡಲು ಹೊರಟಿರುವುದು ಆಕೆಯ ಮೈದುನನ ಮಗನ ಬಗ್ಗೆ. ಹೆಸರು ಪಾವ್ಲೊ ಬೆನಿಗ್ನೊ ಅಕಿನೊ. ಆ ದೇಶದಲ್ಲಿ ಎಲ್ಲರೂ ಕರೆಯುವುದು ಬಾಮ್ ಎಂದು.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಬಳಗದ ಹಿರಿಯರೊಬ್ಬರು ಕೇಳಿದರು. ರಾಜಕೀಯ ಮನೆತನದ ಕೂಸುಗಳ ಬಗ್ಗೆ ನಾವು ಆಡುವ ಮಾತು ಎರಡೇ ಬಗೆಯದು. ಒಂದು, ಅಪ್ಪನ ಹೆಸರಿನಲ್ಲಿ ಬಂದವನು, ಇವನಿಂದ ಏನಾಗುತ್ತದೆ ಎಂಬ ತಾತ್ಸಾರ. ಇನ್ನೊಂದು, ಆ ರಕ್ತವೇ ಅಂಥದ್ದು ಎಂಬ ಆರಾಧನೆ. ಬಾಮ್ ಅಕಿನೊ ಅವರ ಬದುಕನ್ನು ನಾಲ್ಕಾರು ವರ್ಷಗಳಿಂದ ಗಮನಿಸುತ್ತಿರುವ ನನಗೆ ಈ ಎರಡು ಮಾತುಗಳೂ ಸಾಲುತ್ತಿಲ್ಲ. ಹೆಸರಿನಿಂದಲೇ ಒಳಗೆ ಬಂದ ಮನುಷ್ಯನೊಬ್ಬ, ಹೆಸರಿನಿಂದ ಒಳಗೆ ಬರುವುದನ್ನು ತಡೆಯುವ ಕಾನೂನೊಂದನ್ನು ಮಾಡಿಸಿದ. ಅದು ಎಲ್ಲಿಯವರೆಗೆ ಹೋಯಿತು, ಎಲ್ಲಿ ನಿಂತಿತು ಎಂಬುದನ್ನು ನಿಮ್ಮ ಮುಂದೆ ಇಡಬೇಕು ಎನಿಸಿತು.

ಮೊದಲು ಆ ಮುಖವನ್ನು ನೋಡೋಣ.

ಫಿಲಿಪ್ಪೀನ್ಸಿನ ಹಳೆಯ 500 ಪೆಸೊ ನೋಟನ್ನು ನೀವು ಅಂತರಜಾಲದಲ್ಲಿ ಹುಡುಕಿ ನೋಡಬಹುದು. ಅದರ ಮೇಲೆ ಕೈಯನ್ನು ಗಲ್ಲಕ್ಕೆ ಆನಿಸಿಕೊಂಡು ಯೋಚಿಸುತ್ತಿರುವ ಒಬ್ಬ ವ್ಯಕ್ತಿ ಇದ್ದಾರೆ. ದುಂಡು ಮುಖ, ದಪ್ಪ ಚೌಕಟ್ಟಿನ ಕನ್ನಡಕ, ಬದಿಯಲ್ಲಿ ಒಂದು ಬೆರಳಚ್ಚು ಯಂತ್ರ. ಅವರು ನಿನೊಯ್ ಅಕಿನೊ, ಮಾರ್ಕೋಸ್ ಅವರನ್ನು ಎದುರಿಸಿ ನಿಂತ ನಾಯಕ, ಕೊರಿ ಅವರ ಗಂಡ. ಹದಿಹರೆಯದಲ್ಲೇ ಕೊರಿಯಾ ಯುದ್ಧದ ವರದಿಗಾರರಾಗಿ ಹೋಗಿದ್ದರು, ಅದಕ್ಕೇ ಆ ಬೆರಳಚ್ಚು ಯಂತ್ರ. ಅಕ್ಕಿ ಕೊಳ್ಳುವಾಗ, ಬಾಡಿಗೆ ಕಟ್ಟುವಾಗ, ಔಷಧದ ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ದಶಕಗಳ ಕಾಲ ಜನರ ಕೈಯಿಂದ ಕೈಗೆ ಹೋದ ಮುಖ ಅದು. 2013ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಬಾಮ್ ಸೆನೆಟ್ ಚುನಾವಣೆಗೆ ನಿಂತಾಗ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಕಂಡದ್ದು ಅದೇ ದುಂಡು ಮುಖ, ಅದೇ ಬಗೆಯ ಕನ್ನಡಕ. ದೊಡ್ಡಪ್ಪನ ವೇಷ ಹಾಕಿಕೊಂಡು ಮತ ಕೇಳುತ್ತಿದ್ದಾನೆ ಎಂದು ಟೀಕಾಕಾರರು ಹರಿಹಾಯ್ದರು. ಹೋಲಿಕೆಯನ್ನು ಆತ ಮುಚ್ಚಿಡಲಿಲ್ಲ, ಬಳಸಿಕೊಂಡರು. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಇಲ್ಲಿ ಕನ್ನಡದಲ್ಲಿ ಮಾತನಾಡುವುದರ ಒಂದು ಅನುಕೂಲವಿದೆ. ಇಂಗ್ಲಿಷ್ ಪತ್ರಿಕೆಗಳು ಬಾಮ್ ಅವರನ್ನು ಮಾಜಿ ಅಧ್ಯಕ್ಷ ನೊಯ್‌ನೊಯ್ ಅವರ ಕಸಿನ್ ಎಂದು ಬರೆದು ಮುಗಿಸುತ್ತವೆ. ನಮ್ಮಲ್ಲಿ ದೊಡ್ಡಪ್ಪನ ಮಗ ಅಣ್ಣನೇ. ನಿನೊಯ್ ಅವರ ತಮ್ಮ ಪಾಲ್ ಅವರ ಮಗ ಬಾಮ್. ಹಾಗಾಗಿ ನಿನೊಯ್ ದೊಡ್ಡಪ್ಪ, ಕೊರಿ ದೊಡ್ಡಮ್ಮ, ನೊಯ್‌ನೊಯ್ ಅಣ್ಣ. ಇನ್ನೊಬ್ಬ ದೊಡ್ಡಪ್ಪ ಬುಟ್ಜ್ ಮತ್ತು ಸೋದರತ್ತೆ ಟೆಸ್ಸಿ ಇಬ್ಬರೂ ಸೆನೆಟರ್ ಆಗಿದ್ದವರು. ಅಜ್ಜ ಜಪಾನೀಯರ ಆಕ್ರಮಣದ ಕಾಲದ ಶಾಸನಸಭೆಯ ಸ್ಪೀಕರ್, ಮುತ್ತಜ್ಜ ಸ್ಪೇನಿನ ವಿರುದ್ಧ ಹೋರಾಡಿದ ಸೇನಾನಿ. ಈ ನಂಟುಗಳನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇವುಗಳ ಲೆಕ್ಕ ಬೇಕಾಗುತ್ತದೆ.

ಬಾಮ್ ಹುಟ್ಟಿದ್ದು 1977ರ ಮೇ 7ರಂದು. ಆ ಹೊತ್ತಿಗೆ ದೇಶದಲ್ಲಿ ಸೈನಿಕ ಶಾಸನ ಜಾರಿಯಾಗಿ ಐದನೇ ವರ್ಷ. ನಿನೊಯ್ ಸೆರೆಮನೆಯಲ್ಲಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಸೇನಾ ನ್ಯಾಯಮಂಡಳಿ ಅವರಿಗೆ ಮರಣದಂಡನೆ ವಿಧಿಸಿತು. ಅದು ಜಾರಿಗೆ ಬರಲಿಲ್ಲ. ಏಳು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿದ್ದ ಅವರನ್ನು 1980ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆಂದು ಅಮೆರಿಕಕ್ಕೆ ಹೋಗಲು ಬಿಟ್ಟರು. 1983ರ ಆಗಸ್ಟ್ 21ರಂದು ಅವರು ಮನಿಲಾಕ್ಕೆ ಮರಳಿದರು. ಸೈನಿಕರು ವಿಮಾನದಿಂದ ಇಳಿಸಿಕೊಂಡು ಹೋಗುತ್ತಿದ್ದಾಗಲೇ ಗುಂಡು ತಗಲಿ ಸತ್ತರು. ಬಾಮ್‌ಗೆ ಆಗ ಆರು ವರ್ಷ. ಮೂರು ವರ್ಷದ ಬಳಿಕ, 1986ರ ಫೆಬ್ರುವರಿಯಲ್ಲಿ, ಲಕ್ಷಾಂತರ ಜನ ರಸ್ತೆಗೆ ಬಂದು ನಿಂತು ಮಾರ್ಕೋಸ್ ಅವರನ್ನು ಹೊರಗಟ್ಟಿದರು. ಗೃಹಿಣಿ ಎಂದು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ ಕೊರಿ ಅಧ್ಯಕ್ಷೆಯಾದರು.

ಅಂಥ ಮನೆಯಲ್ಲಿ ಬೆಳೆದ ಹುಡುಗ ಓದಿನಲ್ಲಿ ಎಲ್ಲೂ ಹಿಂದೆ ಬೀಳಲಿಲ್ಲ. ಮನಿಲಾದ ಅಟೆನಿಯೊ ಸಂಸ್ಥೆಯಲ್ಲಿ ಓದಿ, 1999ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಮ್ಯಾನೇಜ್‌ಮೆಂಟ್ ಎಂಜಿನಿಯರಿಂಗ್ ಪದವಿ ಪಡೆದರು. ಇಪ್ಪತ್ತೈದರ ಆಸುಪಾಸಿನಲ್ಲೇ ರಾಷ್ಟ್ರೀಯ ಯುವಜನ ಆಯೋಗದ ಅಧ್ಯಕ್ಷರಾದರು. 2006ರವರೆಗೆ ಅಲ್ಲಿದ್ದರು. ಆ ಹುದ್ದೆ ಹೆಸರಿನಿಂದ ಬಂತೇ, ಯೋಗ್ಯತೆಯಿಂದ ಬಂತೇ ಎಂದು ಕೇಳಿದರೆ ಎರಡೂ ಇದ್ದವು ಎನ್ನುವುದೇ ನ್ಯಾಯವಾದ ಉತ್ತರ. ಅಷ್ಟೇ ಅಂಕ ಪಡೆದ, ಬೇರೆ ಹೆಸರಿನ ಯುವಕನನ್ನು ಯಾರೂ ಕರೆದು ಆ ಕುರ್ಚಿಯಲ್ಲಿ ಕೂರಿಸುತ್ತಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಏಳು ವರ್ಷ. ಹೀಗೆ ಬೆಳೆದವರು ಸಾಮಾನ್ಯವಾಗಿ ಅಲ್ಲಿಂದ ನೇರವಾಗಿ ಚುನಾವಣೆಗೆ ಹಾರುತ್ತಾರೆ. ಬಾಮ್ ಅಂಗಡಿಗಳಿಗೆ ಹೋದರು.

ಫಿಲಿಪ್ಪೀನ್ಸಿನ ಯಾವ ಓಣಿಗೆ ಹೋದರೂ ಒಂದು ಸಾರಿ-ಸಾರಿ ಅಂಗಡಿ ಇರುತ್ತದೆ. ಸಾರಿ-ಸಾರಿ ಎಂದರೆ ಬಗೆಬಗೆಯ ಸಾಮಾನು ಎಂದರ್ಥ. ನಮ್ಮ ಗೂಡಂಗಡಿಯನ್ನು ಮನೆಯ ಮುಂಗೋಡೆಗೆ ಸೇರಿಸಿ ಕಟ್ಟಿದರೆ ಹೇಗೆ ಇರಬಹುದೋ ಹಾಗೆ. ಕಬ್ಬಿಣದ ಜಾಲರಿ, ಅದರಲ್ಲೊಂದು ಕೈ ತೂರುವಷ್ಟು ಕಿಂಡಿ, ಒಳಗೆ ಸರಗಟ್ಟಿ ತೂಗುಬಿಟ್ಟ ಶಾಂಪೂ ಮತ್ತು ಕಾಫಿ ಪುಡಿಯ ಚೀಟುಗಳು, ಕೆಳಗೆ ಸಾರ್ಡೀನ್ ಮೀನಿನ ಡಬ್ಬಿ, ಗಾಜಿನ ಜಾಡಿಯಲ್ಲಿ ಮಿಠಾಯಿ. ಒಂದೇ ಸಿಗರೇಟು, ಒಂದು ಎಸಳು ಬೆಳ್ಳುಳ್ಳಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಎರಡು ಚಮಚ ಅಡುಗೆ ಎಣ್ಣೆ. ಹೀಗೆ ಚಿಲ್ಲರೆಯಾಗಿ ಕೊಳ್ಳುವುದಕ್ಕೆ ಅವರು ಟಿಂಗಿ ಎನ್ನುತ್ತಾರೆ. ದಿನಗೂಲಿಯ ಕೈಗೆ ಸಿಗುವ ಹಣಕ್ಕೆ ತಕ್ಕ ವ್ಯಾಪಾರ ಅದು. ಕಾಯಂ ಗಿರಾಕಿಗೆ ಸುಕಿ ಎಂದು ಹೆಸರು. ಸಾಲದ ಪಟ್ಟಿ ಗೋಡೆಗೆ ಅಂಟಿರುತ್ತದೆ. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಥ ಅಂಗಡಿಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ನಡೆಸುವವರು ಹೆಂಗಸರು. ಓಣಿಯವರ ಬಾಯಲ್ಲಿ ಆಕೆ ನನಾಯ್, ಅಂದರೆ ಅಮ್ಮ.

ಈ ನನಾಯ್‌ಗಳ ಕಷ್ಟ ಏನೆಂದರೆ, ಸಾಮಾನನ್ನು ಅವರು ತರುವುದೇ ದುಬಾರಿಗೆ. ಹತ್ತಿರದ ಊರಿನ ದೊಡ್ಡ ಅಂಗಡಿಯಿಂದ ಚಿಲ್ಲರೆ ದರದಲ್ಲಿ ಕೊಂಡು, ಜೀಪ್ನಿಗೆ ಬಾಡಿಗೆ ಕೊಟ್ಟು ತಂದು, ನಾಲ್ಕು ಕಾಸು ಸೇರಿಸಿ ಮಾರುತ್ತಾರೆ. ಬಾಮ್ ತಮ್ಮ ಗೆಳೆಯರ ಜೊತೆ ಸೇರಿ ಹಪಿನೊಯ್ ಎಂಬ ಯೋಜನೆ ಕಟ್ಟಿದ್ದು ಈ ಜಾಗದಲ್ಲಿ. ಒಂದು ಪ್ರದೇಶದ ಹತ್ತಾರು ಅಂಗಡಿಗಳನ್ನು ಒಂದು ಸಗಟು ಅಂಗಡಿಗೆ ಜೋಡಿಸುವುದು, ಎಲ್ಲರ ಬೇಡಿಕೆಯನ್ನು ಕೂಡಿಸಿ ಕಂಪನಿಗಳಿಂದ ಕಡಿಮೆ ದರಕ್ಕೆ ಸಾಮಾನು ತರಿಸುವುದು, ಲೆಕ್ಕ ಬರೆಯುವುದನ್ನು ಕಲಿಸುವುದು. ಸಾಲಕ್ಕೆ ಕಾರ್ಡ್ ಎಂಬ ಕಿರುಸಾಲ ಸಂಸ್ಥೆಯ ಆಸರೆ ಇತ್ತು. ಅದಕ್ಕೂ 2008ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದೆ. ಇದು ಬಡತನವನ್ನು ನೀಗಿಸಿತು ಎಂದು ನಾನು ಹೇಳುವುದಿಲ್ಲ. ಆದರೆ ಜಾಲರಿಯ ಕಿಂಡಿಯ ಆಚೆ ಕೂತ ಹೆಂಗಸಿಗೆ ಒಂದು ಡಬ್ಬಿ ಮೀನಿನ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನು ವರ್ಷಗಟ್ಟಲೆ ಲೆಕ್ಕ ಹಾಕಿದ ಮನುಷ್ಯನಿಗೆ ಮುಂದೆ ಕಾನೂನು ಬರೆಯುವಾಗ ಆ ಲೆಕ್ಕ ನೆನಪಿತ್ತು.

ಫಿಲಿಪ್ಪೀನ್ಸಿನ ಸೆನೆಟ್ ಚುನಾವಣೆ ನಮ್ಮ ರಾಜ್ಯಸಭೆಯಂತೆ ಅಲ್ಲ. ಇಪ್ಪತ್ನಾಲ್ಕು ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸುತ್ತಾರೆ, ಇಡೀ ದೇಶವೇ ಒಂದು ಕ್ಷೇತ್ರ. ಮೂರು ವರ್ಷಕ್ಕೊಮ್ಮೆ ಹನ್ನೆರಡು ಸ್ಥಾನಗಳು ತೆರವಾಗುತ್ತವೆ. ಮತದಾರ ಒಂದು ಉದ್ದನೆಯ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳ ಪಕ್ಕದ ಸೊನ್ನೆಗಳನ್ನು ತುಂಬಬೇಕು. ಸಾವಿರಾರು ದ್ವೀಪಗಳಲ್ಲಿ ಹರಡಿದ ಮತದಾರರಿಗೆ ಪರಿಚಯವಾಗಲು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ಮೊದಲೇ ಪರಿಚಿತವಾಗಿರುವ ಹೆಸರು ಗೆಲ್ಲುತ್ತದೆ. ಸಿನಿಮಾ ನಟರು, ಟಿವಿ ನಿರೂಪಕರು, ಬಾಕ್ಸಿಂಗ್ ಅಖಾಡದವರು, ಮತ್ತೆ ಮನೆತನಗಳು. 2013ರಲ್ಲಿ ಅಣ್ಣ ನೊಯ್‌ನೊಯ್ ದೇಶದ ಅಧ್ಯಕ್ಷ, ಜನಪ್ರಿಯತೆಯ ಉತ್ತುಂಗದಲ್ಲಿದ್ದವರು. ತಮ್ಮ ಬಾಮ್ ಸುಮಾರು 1 ಕೋಟಿ 55 ಲಕ್ಷ ಮತ ಪಡೆದು ಏಳನೆಯವರಾಗಿ ಗೆದ್ದರು. ಅದುವರೆಗೆ ಅವರು ಯಾವ ಸಾರ್ವಜನಿಕ ಚುನಾವಣೆಯನ್ನೂ ಗೆದ್ದವರಲ್ಲ. ಆ ಸೆನೆಟ್‌ನ ಅತ್ಯಂತ ಕಿರಿಯ ಸದಸ್ಯ. ಅದೇ ಸಭಾಂಗಣದಲ್ಲಿ ಸರ್ವಾಧಿಕಾರಿಯ ಮಗ ಬೊಂಗ್‌ಬೊಂಗ್ ಮಾರ್ಕೋಸ್ ಕೂಡ ಕೂತಿದ್ದರು.

ಮೊದಲ ವರ್ಷಗಳ ಕೆಲಸದಲ್ಲಿ ಅಂಗಡಿಯ ಲೆಕ್ಕ ಎದ್ದು ಕಾಣುತ್ತದೆ. 2014ರ ಗೊ ನೆಗೊಸ್ಯೊ ಕಾನೂನು ಊರೂರಿನಲ್ಲಿ ಸಣ್ಣ ವ್ಯಾಪಾರಿಗಳಿಗೆ ನೆರವು ಕೇಂದ್ರಗಳನ್ನು ತೆರೆಯಿಸಿತು. ಅಂಥ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಎದ್ದವು. 2015ರಲ್ಲಿ ಬಂದ ಸ್ಪರ್ಧಾ ಕಾನೂನು, ಅಂದರೆ ಏಕಸ್ವಾಮ್ಯವನ್ನು ತಡೆಯುವ ಕಾನೂನು, ಎರಡು ದಶಕಕ್ಕೂ ಹೆಚ್ಚು ಕಾಲ ಸಂಸತ್ತಿನಲ್ಲಿ ಕೊಳೆಯುತ್ತಾ ಬಿದ್ದಿತ್ತು. ಅದನ್ನು ಸೆನೆಟ್‌ನಲ್ಲಿ ಮಂಡಿಸಿ ದಡ ಮುಟ್ಟಿಸಿದವರು ಬಾಮ್.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಕಾನೂನಿಗೆ ಬರುತ್ತೇನೆ. ಅದಕ್ಕೆ ಮೊದಲು 1977ಕ್ಕೆ ಮತ್ತೊಮ್ಮೆ ಹೋಗಬೇಕು.

ಮಾರ್ಕೋಸ್ 1975ರಲ್ಲಿ ಕಬಾಟಾಂಗ್ ಬರಂಗಾಯ್ ಎಂಬ ಯುವಜನ ಸಂಘಟನೆಯನ್ನು ಹುಟ್ಟುಹಾಕಿದ್ದರು. ಬರಂಗಾಯ್ ಎಂದರೆ ನಮ್ಮ ಗ್ರಾಮ ಪಂಚಾಯಿತಿಯಂಥ ತಳಮಟ್ಟದ ಘಟಕ. ದೇಶದ ಎಲ್ಲ ಬರಂಗಾಯ್‌ಗಳ ಯುವಕರ ಈ ಸಂಘಟನೆಗೆ ರಾಷ್ಟ್ರಾಧ್ಯಕ್ಷೆಯಾಗಿದ್ದವರು ಅವರ ಮಗಳು ಇಮೀ. 1977ರ ಆಗಸ್ಟ್ ತಿಂಗಳ ಕೊನೆಯಲ್ಲಿ ಒಂದು ಬಹಿರಂಗ ಸಭೆಯಲ್ಲಿ ಆರ್ಕಿಮಿಡೀಸ್ ಟ್ರಹಾನೊ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಎದ್ದು ನಿಂತು, ಆ ಹುದ್ದೆಗೆ ಆಕೆಯ ಯೋಗ್ಯತೆ ಏನು ಎಂದು ಪ್ರಶ್ನಿಸಿದ. ಅವನನ್ನು ಅಲ್ಲಿಂದಲೇ ಎಳೆದೊಯ್ದರು. ಚಿತ್ರಹಿಂಸೆಗೊಳಗಾದ ಅವನ ಶವ ಆಮೇಲೆ ಸಿಕ್ಕಿತು. ಮಾರ್ಕೋಸ್ ಕುಟುಂಬ ಹವಾಯಿಗೆ ಓಡಿಹೋದ ಮೇಲೆ ಅವನ ತಾಯಿ ಅಲ್ಲಿನ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. ನ್ಯಾಯಾಲಯ ಇಮೀ ಅವರನ್ನು ಹೊಣೆಯಾಗಿಸಿ ನಲವತ್ತು ಲಕ್ಷ ಡಾಲರ್‌ಗಿಂತ ಹೆಚ್ಚಿನ ಪರಿಹಾರಕ್ಕೆ ತೀರ್ಪು ಕೊಟ್ಟಿತು. ಮಗ ಕೇಳಿದ್ದು ಒಂದೇ ಪ್ರಶ್ನೆ. ನೀನು ಇಲ್ಲಿ ಕೂತಿರುವುದು ಯಾರ ಮಗಳು ಎಂಬ ಕಾರಣಕ್ಕಲ್ಲವೇ ಎಂಬುದು ಅದರ ತಿರುಳು. ಈ ಭಾಗವನ್ನು ಅಂದು ಸಭೆಯಲ್ಲಿ ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತ್ತು. ಬರೆಯುವಾಗಲೂ ಕೈ ಹಾಗೆಯೇ ಆಗುತ್ತಿದೆ.

ಪ್ರಜಾಪ್ರಭುತ್ವ ಮರಳಿದ ಮೇಲೆ ಆ ಸಂಘಟನೆ ರದ್ದಾಗಿ, ಸಂಗ್ಗುನಿಯಾಂಗ್ ಕಬಾಟಾನ್ ಎಂಬ ಚುನಾಯಿತ ಯುವಜನ ಮಂಡಳಿ ಬಂತು. ಪ್ರತಿ ಬರಂಗಾಯ್‌ನಲ್ಲಿ ಒಂದು. ಬರಂಗಾಯ್‌ನ ನಿಧಿಯಲ್ಲಿ ಶೇ. 10 ಅದರ ಪಾಲು. ಉದ್ದೇಶ ಒಳ್ಳೆಯದು, ಆದರೆ ಆದದ್ದು ಬೇರೆ. ಮೇಯರ್ ಮಗ, ಬರಂಗಾಯ್ ಮುಖ್ಯಸ್ಥನ ಮಗಳು, ಶಾಸಕನ ಮೊಮ್ಮಗ, ಇವರೇ ಅಲ್ಲಿ ಆಯ್ಕೆಯಾಗತೊಡಗಿದರು. ಹದಿನೈದು ಹದಿನಾರರ ಮಕ್ಕಳು ಅಪ್ಪನ ಪಕ್ಕ ನಿಂತು ರಾಜಕೀಯದ ಅಕ್ಷರಾಭ್ಯಾಸ ಮಾಡುವ ಶಾಲೆಯಾಯಿತು ಅದು. 2010ರ ನಂತರ ಚುನಾವಣೆಯನ್ನೇ ಮುಂದೂಡಿ ಮಂಡಳಿಗಳನ್ನು ಖಾಲಿ ಬಿಟ್ಟರು. ರದ್ದು ಮಾಡಿಬಿಡೋಣ ಎನ್ನುವವರೇ ಹೆಚ್ಚಾಗಿದ್ದರು.

ಯುವಜನ ಆಯೋಗದಲ್ಲಿ ಕೂತು ಇದನ್ನೆಲ್ಲ ಹತ್ತಿರದಿಂದ ಕಂಡಿದ್ದ ಬಾಮ್ ರದ್ದು ಬೇಡ, ತಿದ್ದೋಣ ಎಂದರು. 2016ರ ಜನವರಿ 15ರಂದು ಸುಧಾರಣಾ ಕಾನೂನಿಗೆ ಅಂಕಿತ ಬಿತ್ತು. ಅಂಕಿತ ಹಾಕಿದವರು ಅಣ್ಣ ನೊಯ್‌ನೊಯ್. ಅಭ್ಯರ್ಥಿಗಳ ವಯಸ್ಸು 18ರಿಂದ 24 ಎಂದಾಯಿತು. ಅಂದರೆ ಹಣದ ಚೀಟಿಗೆ ಸಹಿ ಹಾಕುವವನು ಕಾನೂನಿನ ಎದುರು ಹೊಣೆ ಹೊರುವ ವಯಸ್ಸಿನವನು. ಮತ ಹಾಕುವವರು 15ರಿಂದ 30ರವರು. ಇವೆರಡಕ್ಕಿಂತ ದೊಡ್ಡದು ಮೂರನೆಯ ಷರತ್ತು: ಆ ಪ್ರದೇಶದಲ್ಲಿ ಅಧಿಕಾರದಲ್ಲಿರುವ ಯಾವುದೇ ಚುನಾಯಿತ ಪ್ರತಿನಿಧಿಗೆ ಎರಡನೇ ದರ್ಜೆಯೊಳಗಿನ ನಂಟು ಇರುವವರು ನಿಲ್ಲುವಂತಿಲ್ಲ. ಮಗ, ಮಗಳು, ಒಡಹುಟ್ಟಿದವರು, ಮೊಮ್ಮಕ್ಕಳು ಯಾರೂ ಇಲ್ಲ. ಮದುವೆಯಿಂದ ಬಂದ ನಂಟಿಗೂ ಇದೇ ಲೆಕ್ಕ.

ಇದರ ತೂಕ ತಿಳಿಯಬೇಕಾದರೆ ದೊಡ್ಡಮ್ಮ ಕೊರಿ ಅವರ ಕಾಲದ ಸಂವಿಧಾನವನ್ನು ತೆರೆಯಬೇಕು. 1987ರಲ್ಲಿ ಜನ ಮತ ಹಾಕಿ ಒಪ್ಪಿದ ಆ ಸಂವಿಧಾನದ ಎರಡನೇ ವಿಧಿಯ 26ನೇ ಕಲಮು, ಸಾರ್ವಜನಿಕ ಸೇವೆಯ ಅವಕಾಶ ಎಲ್ಲರಿಗೂ ಸಮನಾಗಿ ಸಿಗಬೇಕು, ರಾಜಕೀಯ ಮನೆತನಗಳನ್ನು ಕಾನೂನು ವಿವರಿಸುವಂತೆ ನಿಷೇಧಿಸಬೇಕು ಎನ್ನುತ್ತದೆ. ಕಾನೂನು ವಿವರಿಸುವಂತೆ ಎಂಬಲ್ಲೇ ಬೀಗ ಬಿದ್ದಿತು. ವಿವರಿಸಬೇಕಾದ ಸಂಸತ್ತಿನ ತುಂಬ ಮನೆತನದವರೇ. ಮಸೂದೆಗಳು ಬಂದವು, ಸಮಿತಿಗೆ ಹೋದವು, ಅಲ್ಲೇ ಸತ್ತವು. ಹೀಗೆ 29 ವರ್ಷ ಕಳೆದ ಮೇಲೆ ಆ ಸಂವಿಧಾನದ ಮಾತು ಮೊಟ್ಟಮೊದಲ ಬಾರಿಗೆ ಒಂದು ರಾಷ್ಟ್ರೀಯ ಕಾನೂನಿನಲ್ಲಿ ಜೀವ ಪಡೆದದ್ದು ಯುವಜನ ಮಂಡಳಿಯ ಸುಧಾರಣೆಯಲ್ಲಿ. ದೊಡ್ಡಮ್ಮ ಕೊಟ್ಟ ವಚನವನ್ನು ಮೈದುನನ ಮಗ ಸೆನೆಟ್‌ನಲ್ಲಿ ಮುಂದಿಟ್ಟು ಹೋರಾಡಿದ, ಮಗ ಅದಕ್ಕೆ ಸಹಿ ಹಾಕಿದ. 2018ರ ಮೇ ತಿಂಗಳಲ್ಲಿ ಹೊಸ ನಿಯಮದಡಿ ಚುನಾವಣೆ ನಡೆದಾಗ ಸುಮಾರು 42 ಸಾವಿರ ಬರಂಗಾಯ್‌ಗಳಲ್ಲಿ ಈ ಷರತ್ತು ಅನ್ವಯವಾಯಿತು.

ನನಗೆ ಇದು ದೊಡ್ಡ ಕೆಲಸ ಎನಿಸುತ್ತದೆ. ಅಷ್ಟೇ ದೊಡ್ಡ ನೋವನ್ನೂ ಕೊಡುತ್ತದೆ. ದೊಡ್ಡವರು ತಮಗೆ ಹಾಕಿಕೊಳ್ಳಲು ಒಪ್ಪದ ಕಡಿವಾಣವನ್ನು ಹದಿನೆಂಟರ ಮಕ್ಕಳಿಗೆ ಹಾಕಿದರು. ಮೇಯರ್, ಗವರ್ನರ್, ಶಾಸಕ, ಸೆನೆಟರ್ ಯಾರಿಗೂ ಅದು ಮುಟ್ಟುವುದಿಲ್ಲ. ಸತತ ಮೂರು ಅವಧಿಗಿಂತ ಹೆಚ್ಚು ಒಂದೇ ಸ್ಥಾನದಲ್ಲಿ ಇರಬಾರದು ಎಂಬ ಮಿತಿ ಸ್ಥಳೀಯ ಹುದ್ದೆಗಳಿಗಿದೆ. ಅದರಿಂದ ಆಗಿರುವುದೇನು? ಗಂಡ ಇಳಿದಾಗ ಹೆಂಡತಿ ಏರುತ್ತಾಳೆ, ಅವಳು ಇಳಿದಾಗ ಮಗ. 2025ರ ಚುನಾವಣೆಯ ನಂತರದ ಸೆನೆಟ್‌ನಲ್ಲಿ, ಇಪ್ಪತ್ನಾಲ್ಕೇ ಜನರ ಸಭೆಯಲ್ಲಿ, ಒಡಹುಟ್ಟಿದವರ ನಾಲ್ಕು ಜೋಡಿಗಳಿವೆ. ಕಯೆಟಾನೊ ಅಕ್ಕ ತಮ್ಮ, ವಿಲ್ಯಾರ್ ಅಣ್ಣ ತಂಗಿ, ಟುಲ್ಫೊ ಸಹೋದರರು, ಒಬ್ಬ ತಂದೆಯ ಮಕ್ಕಳಾದ ಎಸ್ಟ್ರಾಡಾ ಮತ್ತು ಎಹರ್ಸಿತೊ. ಅಧ್ಯಕ್ಷ ಬೊಂಗ್‌ಬೊಂಗ್ ಅವರ ಅಕ್ಕ ಇಮೀ ಅದೇ ಸಭೆಯಲ್ಲಿದ್ದಾರೆ. ಮಗ ಸಾಂಡ್ರೊ, 1994ರಲ್ಲಿ ಹುಟ್ಟಿದವರು, ಕೆಳಮನೆಯಲ್ಲಿ ಬಹುಮತದ ನಾಯಕ.

ಬಾಮ್ ಅವರ ಹೆಸರು ಜನರ ಬಾಯಲ್ಲಿ ಉಳಿದಿರುವುದು ಮಾತ್ರ ಬೇರೆ ಕಾನೂನಿನಿಂದ. 2016ರಲ್ಲಿ ಡುಟೆರ್ಟೆ ಅಧ್ಯಕ್ಷರಾದಾಗ ಬಾಮ್ ಸೆನೆಟ್‌ನ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿದ್ದರು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವನ್ನೇ ತೆಗೆದುಹಾಕುವ ಮಸೂದೆಯನ್ನು ಅವರು ಕೈಗೆತ್ತಿಕೊಂಡರು. 2017ರ ಫೆಬ್ರುವರಿ 27ರಂದು, ಆಗ ಸೆನೆಟರ್ ಆಗಿದ್ದ ಬಾಕ್ಸರ್ ಮ್ಯಾನಿ ಪ್ಯಾಕಿಯಾವ್ ಅವರ ಸೂಚನೆಯ ಮೇಲೆ, ಬಾಮ್ ಇದ್ದ ಲಿಬರಲ್ ಪಕ್ಷದವರನ್ನು ಒಂದೇ ಏಟಿಗೆ ಸಮಿತಿಗಳ ಪೀಠಗಳಿಂದ ಇಳಿಸಿದರು. ಬಾಮ್ ಕುರ್ಚಿ ಹೋಯಿತು, ಅವರು ಮಸೂದೆಯನ್ನು ಬಿಡಲಿಲ್ಲ. ಹಲವು ಸೆನೆಟರ್‌ಗಳ ಮಸೂದೆಗಳು ಕೂಡಿದ ಕರಡು ಅದು, ಶ್ರೇಯ ಅವರೊಬ್ಬರದೇ ಅಲ್ಲ. ಆದರೆ ಸಭೆಯಲ್ಲಿ ನಿಂತು ಅದನ್ನು ಸಮರ್ಥಿಸಿದ ಮುಖ್ಯ ದನಿ ಅವರದು. ವರ್ಷಕ್ಕೆ 10,000 ಕೋಟಿ ಪೆಸೊ ಬೇಕಾಗುತ್ತದೆ, ಬೊಕ್ಕಸ ತಾಳುವುದಿಲ್ಲ ಎಂದು ಬಜೆಟ್ ಸಚಿವರು ತಡೆದರು. ಸಚಿವರ ಮಾತನ್ನು ಬದಿಗಿಟ್ಟು ಡುಟೆರ್ಟೆ 2017ರ ಆಗಸ್ಟ್ 3ರಂದು ಸಹಿ ಹಾಕಿದರು. ಮರುವರ್ಷ ಎತ್ತಿಟ್ಟ ಹಣ ಸುಮಾರು 4,000 ಕೋಟಿ ಪೆಸೊ.

ಬಡವರಲ್ಲಿ ಬಡವರ ಮಕ್ಕಳು ಕಾಲೇಜಿನ ಬಾಗಿಲಿಗೇ ಬರುವುದಿಲ್ಲ, ಇದರ ಲಾಭ ಮಧ್ಯಮ ವರ್ಗಕ್ಕೆ ಎಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಅದರಲ್ಲಿ ಹುರುಳಿದೆ. ಆದರೂ ತಂದೆ ಮೀನು ಹಿಡಿಯುವವನೋ ಟ್ರೈಸಿಕಲ್ ಓಡಿಸುವವನೋ ಆಗಿದ್ದು, ತಾಯಿ ಸಾರಿ-ಸಾರಿ ಅಂಗಡಿಯ ಕಿಂಡಿಯ ಹಿಂದೆ ಕೂತವಳಾಗಿದ್ದು, ಮನೆಯ ಮೊದಲ ಪದವೀಧರೆಯಾದ ಹುಡುಗಿಗೆ ಆ ಟೀಕೆಯನ್ನು ಹೇಗೆ ಹೇಳುವುದು?

ಇಷ್ಟೆಲ್ಲ ಮಾಡಿಯೂ 2019ರಲ್ಲಿ ಬಾಮ್ ಸೋತರು. ಆ ಹೊತ್ತಿಗೆ ಅಕಿನೊ ಎಂಬ ಹೆಸರು ಹೊರೆಯಾಗಿತ್ತು. ಅಣ್ಣನ ಆಳ್ವಿಕೆಯಲ್ಲಿ, 2015ರ ಜನವರಿಯಲ್ಲಿ, ಮಮಾಸಪಾನೊ ಎಂಬಲ್ಲಿ 44 ಕಮಾಂಡೊ ಪೊಲೀಸರು ಸತ್ತ ಸಿಟ್ಟು ಆರಿರಲಿಲ್ಲ. ಕೊರಿ ಅವರ ತವರಿನ ಕಬ್ಬಿನ ಜಮೀನು ಹಸಿಯೆಂಡಾ ಲುಯಿಸಿಟಾದ ರೈತರಿಗೆ ಭೂಮಿ ಹಂಚಲು ದಶಕಗಳ ಕಾಲ ಎಳೆದಾಡಿದ್ದು, 2004ರಲ್ಲಿ ಅಲ್ಲಿ ಮುಷ್ಕರನಿರತರ ಮೇಲೆ ಗುಂಡು ಹಾರಿದ್ದು, ಇವು ಮರೆಯುವ ಸಂಗತಿಗಳಲ್ಲ. ಬಾಮ್ ಆ ಜಮೀನಿನ ಕುಟುಂಬದವರಲ್ಲ, ಆದರೆ ಹೆಸರಿನ ಜೊತೆ ಬರುವ ಆಸ್ತಿಯನ್ನು ಪಡೆದವರಿಗೆ ಸಾಲವೂ ಬರುತ್ತದೆ. ವಿರೋಧ ಪಕ್ಷದ ಎಂಟು ಅಭ್ಯರ್ಥಿಗಳಲ್ಲಿ ಒಬ್ಬರೂ ಗೆಲ್ಲಲಿಲ್ಲ. ಎಂಟರಲ್ಲಿ ಮುಂದಿದ್ದ ಬಾಮ್ ಅವರದು ಹದಿನಾಲ್ಕನೇ ಸ್ಥಾನ. ಹನ್ನೆರಡನೆಯವರಿಗೂ ಅವರಿಗೂ ನಾಲ್ಕು ಲಕ್ಷಕ್ಕಿಂತ ಕಡಿಮೆ ಮತಗಳ ಅಂತರ.

ಮೂರು ವರ್ಷದ ಬಳಿಕ ಅವರು ಆಗಿನ ಉಪಾಧ್ಯಕ್ಷೆ ಲೆನಿ ರೊಬ್ರೆಡೊ ಅವರ ಅಧ್ಯಕ್ಷೀಯ ಪ್ರಚಾರದ ಹೊಣೆ ಹೊತ್ತರು. ಬೀದಿಗಳು ಗುಲಾಬಿ ಬಣ್ಣದಲ್ಲಿ ತುಂಬಿದವು. ಲೆನಿಗೆ ಬಂದದ್ದು ಒಂದೂವರೆ ಕೋಟಿ ಮತ, ಮಾರ್ಕೋಸ್ ಮಗನಿಗೆ 3 ಕೋಟಿ 16 ಲಕ್ಷ. ನಿನೊಯ್ ಅವರ ತಮ್ಮನ ಮಗ ನಿಂತು ನಡೆಸಿದ ಪ್ರಚಾರವನ್ನು ಸೋಲಿಸಿ ಮಾರ್ಕೋಸ್ ಕುಟುಂಬ ಅಧ್ಯಕ್ಷರ ಅರಮನೆಗೆ ಮರಳಿತು. ಆ ರಾತ್ರಿ ಅವರ ಮನೆಯಲ್ಲಿ ಏನು ಮಾತಾಯಿತೋ.

ಲಿಬರಲ್ ಪಕ್ಷ ಬಿಟ್ಟು ಒಂದು ಸಣ್ಣ ಪಕ್ಷದಿಂದ 2025ರಲ್ಲಿ ಮತ್ತೆ ನಿಂತಾಗ ಸಮೀಕ್ಷೆಗಳು ಅವರನ್ನು ಹನ್ನೆರಡರ ಅಂಚಿನಲ್ಲಿ ಇಟ್ಟಿದ್ದವು. ಮೇ 12ರ ಮತ ಎಣಿಕೆ ಮುಗಿದಾಗ ಬಾಮ್ ಎರಡನೆಯವರು. 2 ಕೋಟಿ 9 ಲಕ್ಷ ಮತ, 2013ಕ್ಕಿಂತ ಅರ್ಧ ಕೋಟಿಗೂ ಹೆಚ್ಚು. ಈ ಬಾರಿ ಅರಮನೆಯಲ್ಲಿ ಅಣ್ಣ ಇರಲಿಲ್ಲ. ನೊಯ್‌ನೊಯ್ 2021ರಲ್ಲೇ ತೀರಿಕೊಂಡಿದ್ದರು. ಪ್ರಚಾರದ ತುಂಬ ಕೇಳಿದ್ದು ಉಚಿತ ಕಾಲೇಜಿನ ಮಾತು, ಆ ಕಾನೂನಿನಿಂದ ಓದಿದ ಮಕ್ಕಳು ಈಗ ಮತದಾರರು. ಇನ್ನೊಂದು ಸಂಗತಿ ನನಗೆ ಬಹಳ ಕಾಡಿತು. 2024ರ ಡಿಸೆಂಬರಿನಲ್ಲಿ ಬಂದ ಹೊಸ ಪಾಲಿಮರ್ 500 ಪೆಸೊ ನೋಟಿನಲ್ಲಿ, ಅದಕ್ಕೆ ಮುಂಚಿನ ನೋಟಿನಲ್ಲಿ ಜೊತೆಯಾಗಿದ್ದ ನಿನೊಯ್ ಮತ್ತು ಕೊರಿ ಇಲ್ಲ, ಅವರ ಜಾಗದಲ್ಲಿ ವಿಸಾಯಾ ದ್ವೀಪಗಳ ಚುಕ್ಕೆ ಜಿಂಕೆ ಇದೆ. ದೊಡ್ಡಪ್ಪನ ಮುಖ ಹೊಸ ನೋಟಿನಿಂದ ಮರೆಯಾದ ಐದು ತಿಂಗಳಲ್ಲಿ ಈತನಿಗೆ ಬದುಕಿನ ಅತಿ ದೊಡ್ಡ ಗೆಲುವು ಸಿಕ್ಕಿತು.

ಈಗ ಅವರು ಸೆನೆಟ್‌ನಲ್ಲಿ ಶಾಲಾ ಶಿಕ್ಷಣ ಸಮಿತಿಯ ಅಧ್ಯಕ್ಷರು. ದೇಶದಲ್ಲಿ ಸುಮಾರು 1,65,000 ತರಗತಿ ಕೊಠಡಿಗಳ ಕೊರತೆಯಿದೆ ಎಂಬುದು ಶಿಕ್ಷಣ ಇಲಾಖೆಯದೇ ಲೆಕ್ಕ. ಒಂದೇ ಶಾಲೆಯನ್ನು ಪಾಳಿಯ ಮೇಲೆ ನಡೆಸುತ್ತಾರೆ. ಕೊಠಡಿ ಕಟ್ಟುವ ಕೆಲಸವನ್ನು ಸ್ಥಳೀಯ ಸರ್ಕಾರಗಳಿಗೂ ಹಂಚಿ ಬೇಗ ಮುಗಿಸಬೇಕೆಂಬ ಮಸೂದೆಯನ್ನು ಅವರು ತಂದಿದ್ದಾರೆ. ಕಾಲೇಜಿನ ಬಾಗಿಲಿಗೇ ಬಾರದ ಮಕ್ಕಳ ಬಗ್ಗೆ ಎದ್ದಿದ್ದ ಟೀಕೆಗೆ ಉತ್ತರ ಕೊಡಬೇಕಾದ ಜಾಗ ಅದೇ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಕಾಲೇಜು ವಿದ್ಯಾರ್ಥಿನಿ ಕೇಳಿದಳು: "ಸರ್, ಅವರು ಮಕ್ಕಳಿಗೆ ಮಾಡಿದ ಆ ಷರತ್ತು ಎಲ್ಲರಿಗೂ ಇದ್ದಿದ್ದರೆ, 2013ರಲ್ಲಿ ಅವರೇ ನಿಲ್ಲಲು ಆಗುತ್ತಿತ್ತೇ?"

ನಾನು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ವಂಶವೃಕ್ಷ ಬರೆದೆ. ಕಾನೂನು ನಂಟನ್ನು ಎಣಿಸುವುದು ಮೆಟ್ಟಿಲುಗಳ ಮೇಲೆ. ಬಾಮ್‌ನಿಂದ ತಂದೆ ಪಾಲ್‌ಗೆ ಒಂದು ಮೆಟ್ಟಿಲು. ಪಾಲ್‌ನಿಂದ ಅಜ್ಜನಿಗೆ ಎರಡು. ಅಜ್ಜನಿಂದ ಇಳಿದು ನಿನೊಯ್‌ಗೆ ಮೂರು. ನಿನೊಯ್‌ನಿಂದ ನೊಯ್‌ನೊಯ್‌ಗೆ ನಾಲ್ಕು. ಷರತ್ತು ತಡೆಯುವುದು ಎರಡರವರೆಗೆ. ಆಗುತ್ತಿತ್ತು ಎಂದೆ.

"ನಮ್ಮಲ್ಲಿ ದೊಡ್ಡಪ್ಪನ ಮಗ ಅಣ್ಣ ಅಂದಿರಿ" ಎಂದಳು ಅವಳು.

ಹೌದು, ಅಂದಿದ್ದೆ. ಅವಳು ಬೋರ್ಡಿನ ಹತ್ತಿರ ಬಂದು ಆ ನಾಲ್ಕು ಮೆಟ್ಟಿಲುಗಳನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.